ವರ್ಷಕ್ಕೊಮ್ಮೆ ಮಾಡುವ ಯೋಗವನ್ನು ದಿನವೂ ಮಾಡಿದಾಗ: ‘ಸಾಮಾನ್ಯ ಯೋಗ ಶಿಷ್ಟಾಚಾರ’ದ ವಿಮರ್ಶೆ

ಕೇಂದ್ರ ಆಯುಷ್ ಸಚಿವಾಲಯವು ಅಂತರರಾಷ್ಟ್ರೀಯ ಯೋಗ ದಿನಕ್ಕಾಗಿ ರೂಪಿಸಿದ 45 ನಿಮಿಷಗಳ ‘ಸಾಮಾನ್ಯ ಯೋಗ ಶಿಷ್ಟಾಚಾರ’ವನ್ನು (ಕಾಮನ್ ಯೋಗ ಪ್ರೋಟೊಕಾಲ್, ಅಂದರೆ ಎಲ್ಲರಿಗೂ ಒಂದೇ ಆದ ಅಭ್ಯಾಸಕ್ರಮ) ನಮ್ಮಲ್ಲಿ ಹೆಚ್ಚಿನವರು ಜೂನ್ 21ರಂದು ಶಾಲೆಯ ಮೈದಾನದಲ್ಲೋ ಕಚೇರಿಯ ಆವರಣದಲ್ಲೋ ಮಾಡಿ, ಮರುದಿನ ಮರೆತುಬಿಡುತ್ತಾರೆ. ಅದನ್ನೇ ಮನೆಯ ನಿತ್ಯಾಭ್ಯಾಸವಾಗಿ ಇಟ್ಟುಕೊಂಡರೆ ಹೇಗಿರುತ್ತದೆಂದು ತಿಳಿಯಲು ನಾಲ್ಕು ತಿಂಗಳ ಕಾಲ ಬೆಳಗಿನ ಹೊತ್ತನ್ನು ಮೀಸಲಿಟ್ಟೆ. ಕೈಪಿಡಿಯೂ ವಿಡಿಯೊಗಳೂ ಉಚಿತವಾಗಿ ಸಿಗುತ್ತವೆ. ಮ್ಯಾಟನ್ನೂ ಕೊಳ್ಳದೆ, ಮನೆಯಲ್ಲಿದ್ದ ಹತ್ತಿಯ ಜಮಖಾನವನ್ನೇ ಹಾಸಿಕೊಂಡೆ. ನುಣುಪಾದ ನೆಲದ ಮೇಲೆ ಅದು ಜಾರುವುದರಿಂದ, ಕಾಲುಗಳನ್ನು ಅಗಲಿಸಿ ನಿಂತು ಪಕ್ಕಕ್ಕೆ ಬಾಗುವ ತ್ರಿಕೋನಾಸನವನ್ನು ಮಾತ್ರ ಬರಿ ನೆಲದಲ್ಲಿ ಮಾಡುತ್ತೇನೆ.

ಇದರ ದೊಡ್ಡ ಗುಣವೆಂದರೆ ಕ್ರಮ. ಪ್ರಾರ್ಥನೆಯ ನಂತರ ಕುತ್ತಿಗೆ, ಭುಜ, ಸೊಂಟ, ಮಂಡಿಗಳನ್ನು ಸಡಿಲಗೊಳಿಸುವ ಚಲನೆಗಳು ಬರುತ್ತವೆ. ಬಳಿಕ ತಾಡಾಸನ, ವೃಕ್ಷಾಸನ ಮೊದಲಾದ ನಿಂತು ಮಾಡುವ ಆಸನಗಳು, ಆಮೇಲೆ ಕುಳಿತು, ಬೋರಲಾಗಿ ಮಲಗಿ, ಅಂಗಾತ ಮಲಗಿ ಮಾಡುವಂಥವು, ಕೊನೆಯಲ್ಲಿ ಕಪಾಲಭಾತಿ (ಉಸಿರನ್ನು ರಭಸದಿಂದ ಹೊರಹಾಕುವ ಕ್ರಿಯೆ), ಪ್ರಾಣಾಯಾಮ ಮತ್ತು ಧ್ಯಾನ. ಪಾದಹಸ್ತಾಸನದಲ್ಲಿ ಮುಂದಕ್ಕೆ ಬಾಗಿದ ಬೆನ್ನನ್ನು ಅರ್ಧಚಕ್ರಾಸನ ಹಿಂದಕ್ಕೆ ಬಾಗಿಸುತ್ತದೆ. ಮುಂದೇನು ಮಾಡಬೇಕೆಂದು ನಡುವೆ ನಿಂತು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಒಬ್ಬರೇ ಅಭ್ಯಾಸ ಮಾಡುವವರಿಗೆ ಇದು ಸಣ್ಣ ಅನುಕೂಲವೇನಲ್ಲ.

ದೇಹಬಲದ ವಿಷಯದಲ್ಲಿ ಮಾತ್ರ ನನ್ನ ತೃಪ್ತಿ ಅರ್ಧದಷ್ಟೇ. ಶಲಭಾಸನ, ಸೇತುಬಂಧಾಸನ, ಉತ್ತಾನಪಾದಾಸನಗಳು ಬೆನ್ನಿಗೂ ಹೊಟ್ಟೆಗೂ ಚೆನ್ನಾಗಿ ಕೆಲಸ ಕೊಡುತ್ತವೆ, ಆದರೆ ಮೈಭಾರವನ್ನು ತೋಳುಗಳು ಪೂರ್ತಿಯಾಗಿ ಹೊರುವ ಆಸನ ಇದರಲ್ಲಿ ಒಂದೂ ಇಲ್ಲ; ಸೂರ್ಯನಮಸ್ಕಾರವೂ ಇಲ್ಲ. ಎರಡು ತಿಂಗಳಾದ ಮೇಲೆ 20 ಲೀಟರಿನ ನೀರಿನ ಕ್ಯಾನನ್ನು ಎತ್ತಿದಾಗ ಸೊಂಟ ಹಿಡಿಯಲಿಲ್ಲ, ಮುಂಗೈಗಳು ಮಾತ್ರ ಹಿಂದಿನಂತೆಯೇ ನಡುಗಿದವು. ಅಂದಿನಿಂದ ಸಡಿಲಿಕೆಯ ಚಲನೆಗಳ ನಂತರ ಆರು ಸೂರ್ಯನಮಸ್ಕಾರಗಳನ್ನು ನಾನಾಗಿಯೇ ಸೇರಿಸಿಕೊಂಡಿದ್ದೇನೆ.

ಮನಸ್ಸಿಗೆ ಸಿಕ್ಕಿದ್ದು ನಾನು ಎಣಿಸಿದ್ದಕ್ಕಿಂತ ಹೆಚ್ಚು, ಅದೂ ಹೆಚ್ಚಾಗಿ ಭ್ರಾಮರಿ ಪ್ರಾಣಾಯಾಮದಿಂದ. ಕಿವಿಗಳನ್ನು ಮುಚ್ಚಿ, ದುಂಬಿಯಂತೆ ಮೊರೆಯುತ್ತ ಉಸಿರನ್ನು ನಿಧಾನವಾಗಿ ಬಿಡುವಾಗ ಆ ಕಂಪನ ಹಣೆಯಲ್ಲೂ ಹಲ್ಲುಗಳಲ್ಲೂ ತಿಳಿಯುತ್ತದೆ. ಅಡುಗೆಮನೆಯ ಕುಕ್ಕರಿನ ಕೂಗು ಎಲ್ಲೋ ದೂರದ ಬೀದಿಯಿಂದ ಬಂದಂತೆ ಕೇಳಿಸುತ್ತದೆ. ಹಿಂದಿನ ದಿನದ ಚಿಂತೆ ಅದರಿಂದ ಇಲ್ಲವಾಗುತ್ತದೆಂದು ಹೇಳಲಾರೆ, ಆದರೆ ಎದ್ದ ಕೂಡಲೇ ಅದನ್ನೇ ಮೆಲುಕು ಹಾಕುವ ಚಾಳಿ ತಗ್ಗಿದೆ. ಒಂದು ಕೊರತೆಯನ್ನು ಇಲ್ಲಿಯೇ ಹೇಳಬೇಕು: ಅಂಗಾತ ಮಲಗಿ ಮೈಯನ್ನು ಪೂರ್ತಿ ಸಡಿಲಬಿಡುವ ಶವಾಸನವನ್ನು ಕಪಾಲಭಾತಿಗೆ ಮೊದಲೇ ಇಟ್ಟಿದ್ದಾರೆ. ಮೈದಾನದಲ್ಲಿ ಯಾರೂ ನಿದ್ದೆ ಹೋಗಲಾರರು. ಮನೆಯ ಜಮಖಾನದ ಮೇಲೆ ನಾನು ಮೂರು ಸಲ ಗೊರಕೆ ಹೊಡೆದು ಪ್ರಾಣಾಯಾಮವನ್ನು ತಪ್ಪಿಸಿಕೊಂಡಿದ್ದೇನೆ. ಈಗ ಶವಾಸನವನ್ನು ಎಲ್ಲಕ್ಕೂ ಕೊನೆಗೆ ಮಾಡುತ್ತೇನೆ.

ಅಧಿಕ ರಕ್ತದೊತ್ತಡ, ಹೃದ್ರೋಗ ಅಥವಾ ಹರ್ನಿಯಾ ಇರುವವರು ಕಪಾಲಭಾತಿಯನ್ನು ಮಾಡಬಾರದೆಂದು ಕೈಪಿಡಿಯಲ್ಲಿಯೇ ಎಚ್ಚರಿಕೆಯಿದೆ. ವಿಡಿಯೊ ಹಾಕಿಕೊಂಡು ಮಾಡುವವರ ಕಣ್ಣಿಗೆ ಅದು ಬೀಳುವುದು ಕಡಿಮೆಯಾದ್ದರಿಂದ, ಮೊದಲ ದಿನವೇ ಕೈಪಿಡಿಯನ್ನು ಓದಿಕೊಳ್ಳುವುದು ಲೇಸು. ಮಂಡಿ ಮಡಿಸಿ ಹಿಮ್ಮಡಿಗಳ ಮೇಲೆ ಕೂರುವ ವಜ್ರಾಸನ ಮಂಡಿನೋವಿನವರಿಗೆ ಕಷ್ಟ. ಮೀನಖಂಡದ ಮೇಲೆ ಮಡಿಸಿದ ಹೊದಿಕೆಯನ್ನಿಟ್ಟು ಕುಳಿತರೂ ನೋವಾಗುವುದಾದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಬಹುದು.