ಕಡಲ ದಂಡೆಯ ಶಿಲ್ಪವೋ, ಹಾವೇರಿ ರಸ್ತೆಯ ಶಿಲ್ಪವೋ?

ಹುಬ್ಬಳ್ಳಿ-ಧಾರವಾಡದವರು ಬಯಲಲ್ಲಿ ನಿಲ್ಲಿಸಿದ ಶಿಲ್ಪ ನೋಡಲು ಹೊರಟರೆ ಎದುರಿಗೆ ಮೂರು ದಾರಿ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾದಲ್ಲಿ ಬಲಕ್ಕೆ ಹೊರಳಿದರೆ ಕಾರವಾರ. ಎಡಕ್ಕೆ ಹೊರಳಿದರೆ ಮುರುಡೇಶ್ವರ. ಘಟ್ಟದ ಗೊಡವೆಯೇ ಬೇಡ ಅಂದರೆ ಬೆಂಗಳೂರು ಹೆದ್ದಾರಿ ಹಿಡಿದು ಶಿಗ್ಗಾವಿ ಹತ್ತಿರದ ಗೊಟಗೋಡಿ. ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮೂರೂ ಕಡೆ ಅಡ್ಡಾಡಿ ಬಂದಿದ್ದೇನೆ. ಯಾವುದು ಚಲೋ ಅಂತ ಯಾರಾದರೂ ಕೇಳಿದರೆ ನನ್ನ ಓಟು ಗೊಟಗೋಡಿಗೆ. ಸಮುದ್ರದ ಸುಳಿವೂ ಇಲ್ಲದ ಊರಿಗೆ ಯಾಕೆ ಅಂದರೆ, ಮೊದಲು ಕಾರವಾರದ ಕಥೆ ಹೇಳಬೇಕು.

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ರಾಷ್ಟ್ರೀಯ ಹೆದ್ದಾರಿ 66ಕ್ಕೆ ಅಂಟಿಕೊಂಡಂತೆ ರಾಕ್ ಗಾರ್ಡನ್ ಇದೆ. ಹಾಲಕ್ಕಿ ಒಕ್ಕಲಿಗರು, ಸಿದ್ದಿಗಳು, ಕುಣಬಿಗಳು, ಗೌಳಿಗಳು ಹೀಗೆ ಉತ್ತರ ಕನ್ನಡದ ಸಮುದಾಯಗಳ ಬದುಕನ್ನು ಆಳೆತ್ತರದ ಪ್ರತಿಮೆಗಳಲ್ಲಿ ತೋರಿಸುವುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ. ಪಕ್ಕದಲ್ಲೇ ಚಪಲ್ ಯುದ್ಧನೌಕೆಯ ಸಂಗ್ರಹಾಲಯವೂ ಇರುವುದರಿಂದ ಒಂದು ಸಂಜೆಗೆ ಕಡಿಮೆಯೇನೂ ಬೀಳುವುದಿಲ್ಲ. ತೊಡಕು ಇರುವುದು ಸಮುದ್ರದಲ್ಲಿ. ಆರಡಿಯ ಪ್ರತಿಮೆಯ ಪಕ್ಕಕ್ಕೆ ಕೊನೆಯೇ ಇಲ್ಲದ ನೀರು ಇದ್ದರೆ ಕಣ್ಣು ಎಷ್ಟೊತ್ತು ಪ್ರತಿಮೆಯ ಮೇಲೆ ನಿಂತೀತು? ನಮ್ಮ ಮಗಳು ಎರಡನೆಯ ಗುಂಪಿನ ಪ್ರತಿಮೆ ದಾಟುವಷ್ಟರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. "ಪಪ್ಪಾ, ಇವು ಎಲ್ಲಿಗೂ ಓಡಿ ಹೋಗಂಗಿಲ್ಲ, ಮೊದಲ ನೀರಿಗೆ ಹೋಗೂಣು." ಅವಳ ಮಾತಿಗೆ ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಬೆಳಕಿನದು ಇನ್ನೊಂದು ತೊಂದರೆ. ಬಿಸಿಲು ಇಳಿದ ಮೇಲೆ ಹೋಗೋಣ ಅಂತಲೇ ಎಲ್ಲರೂ ಸಂಜೆ ಹೋಗುತ್ತಾರೆ. ಆಗ ಸೂರ್ಯ ಕಡಲ ಕಡೆಗೆ, ಅಂದರೆ ಪ್ರತಿಮೆಗಳ ಬೆನ್ನಿಗೆ. ಮುಖ ಕಪ್ಪಾಗಿ ಆಕಾರದ ಅಂಚು ಮಾತ್ರ ಕಾಣುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೊ ಸುಂದರವಾಗಿ ಬರುತ್ತದೆ ನಿಜ, ಆದರೆ ಅದು ಸೂರ್ಯಾಸ್ತದ ಫೋಟೊ; ಶಿಲ್ಪ ಅದರಲ್ಲಿ ಬರೀ ಅಡ್ಡ ನಿಂತ ಮನುಷ್ಯ. ಕಡಲಿಗೆ ಬೆನ್ನು ಹಾಕಿ ನೋಡಿದರೆ ಬೆಳಕು ಸರಿಯಾಗುತ್ತದೆ, ಹಿಂದೆ ಹೆದ್ದಾರಿಯ ಲಾರಿಗಳು ಬಂದು ಕೂಡುತ್ತವೆ. ಹಾಗಾಗಿ ಕಾರವಾರಕ್ಕೆ ಶಿಲ್ಪಕ್ಕಾಗಿಯೇ ಹೋಗುವವರು ಬೆಳಿಗ್ಗೆ ಎಂಟು-ಒಂಬತ್ತರ ಹೊತ್ತಿಗೆ ಹೋಗಿ. ಅಷ್ಟು ಬೇಗ ಒಳಗೆ ಬಿಡುತ್ತಾರೋ ಇಲ್ಲವೋ ವಿಚಾರಿಸಿಕೊಂಡೇ ಹೊರಡಿ.

ಉಪ್ಪುಗಾಳಿಯ ಮಾತನ್ನೂ ಆಡಬೇಕು. ಸಿಮೆಂಟಿನ ಪ್ರತಿಮೆಗಳ ಒಳಗೆ ಕಬ್ಬಿಣದ ಸರಳು, ಜಾಳಿಗೆ ಇರುತ್ತದೆ. ಗಾಳಿಯಲ್ಲಿನ ಉಪ್ಪು ತೇವದ ಜೊತೆ ಸಿಮೆಂಟಿನ ಸಣ್ಣ ರಂಧ್ರಗಳಲ್ಲಿ ಇಳಿದು ಸರಳನ್ನು ಮುಟ್ಟಿದರೆ ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಒಳಗಿನಿಂದ ಒತ್ತಿ ಸಿಮೆಂಟನ್ನೇ ಸೀಳುತ್ತದೆ. ತೆಳ್ಳಗಿನ ಬೆರಳು, ಮೂಗು, ಕಿವಿಗಳ ಸರದಿ ಮೊದಲು. ಅದರ ಮೇಲೆ ಕಾರವಾರದ ಮಳೆ ವರ್ಷಕ್ಕೆ ಸುಮಾರು 3000 ಮಿ.ಮೀ., ನಮ್ಮ ಕಡೆಯದಕ್ಕಿಂತ ಮೂರು ಪಟ್ಟಿಗೂ ಮಿಗಿಲು. ಕಡಲ ಪಕ್ಕ ಸಿಮೆಂಟಿನ ಪ್ರತಿಮೆ ನಿಲ್ಲಿಸುವವರು ಬಣ್ಣ ಮತ್ತು ರಿಪೇರಿಯ ಖರ್ಚನ್ನು ವರ್ಷ ವರ್ಷವೂ ಲೆಕ್ಕದಲ್ಲಿ ಇಟ್ಟುಕೊಳ್ಳಲೇಬೇಕು. ಇಂಗ್ಲೆಂಡಿನ ಕ್ರಾಸ್‌ಬಿ ಕಡಲತೀರದಲ್ಲಿ ಆಂಟನಿ ಗೋರ್ಮ್ಲಿ ಎಂಬ ಶಿಲ್ಪಿ ನಿಲ್ಲಿಸಿದ 100 ಎರಕದ ಕಬ್ಬಿಣದ ಮನುಷ್ಯರಿದ್ದಾರೆ. ಭರತ ಬಂದಾಗ ಅವರಲ್ಲಿ ಹಲವರು ಮುಳುಗುತ್ತಾರೆ, ಇಳಿತದಲ್ಲಿ ಮತ್ತೆ ಏಳುತ್ತಾರೆ, ಮೈಮೇಲೆ ತುಕ್ಕು, ಚಿಪ್ಪುಜೀವಿಗಳು. ನಾನು ನೋಡಿದ್ದು ಚಿತ್ರಗಳಲ್ಲಿ ಮಾತ್ರ. ಆದರೂ ಅಲ್ಲಿ ಸಮುದ್ರವೂ ಶಿಲ್ಪಿಯ ಕೈ ಕೆಳಗೆ ದುಡಿಯುತ್ತಿದೆ ಅನ್ನಿಸುತ್ತದೆ. ಕಾರವಾರದಲ್ಲಿ ಸಮುದ್ರ ತನ್ನ ಪಾಡಿಗೆ, ಪ್ರತಿಮೆಗಳು ತಮ್ಮ ಪಾಡಿಗೆ.

ಮುರುಡೇಶ್ವರದ ಬಗ್ಗೆ ಉದ್ದಕ್ಕೆ ಬರೆಯಬೇಕಾದ್ದಿಲ್ಲ, ನೋಡದವರೇ ಕಡಿಮೆ. ಮೂರು ಕಡೆ ನೀರು, ನಡುವೆ ಕಂದುಕಗಿರಿ, ಮೇಲೆ 123 ಅಡಿಯ ಶಿವ, ಮುಂದೆ 20 ಅಂತಸ್ತಿನ ರಾಜಗೋಪುರ. ಇದನ್ನು ಕಟ್ಟಿಸಿದ ಆರ್.ಎನ್. ಶೆಟ್ಟರು ಹುಬ್ಬಳ್ಳಿಯಲ್ಲೂ ಉದ್ಯಮ ಕಟ್ಟಿದವರು; ಧಾರವಾಡದವರಿಗೆ ಸ್ಟೇಡಿಯಂ ನೆಪದಿಂದ ದಿನಾ ಬಾಯಲ್ಲಿರುವ ಹೆಸರು. ಇಲ್ಲಿ ಅಳತೆಯೇ ಉಪಾಯ. ಸಮುದ್ರದ ಎದುರು ಸೋಲದಷ್ಟು ದೊಡ್ಡದು ಮಾಡಿದ್ದಾರೆ, ಸೋತೂ ಇಲ್ಲ. ಆದರೆ ಬುಡದಲ್ಲಿ ನಿಂತರೆ ಕಾಣುವುದು ಮೊಣಕಾಲು, ಕುತ್ತಿಗೆಯ ನೋವು. ಲಿಫ್ಟಿನಲ್ಲಿ ಗೋಪುರದ ಮೇಲೆ ಹೋಗಿ ನೋಡಿದಾಗಲೇ ಶಿವನೂ ನೀರೂ ಒಂದೇ ಚೌಕಟ್ಟಿಗೆ ಬರುವುದು. ಆ ಸಾಲಿನಲ್ಲಿ ನಿಲ್ಲುವ ತಾಳ್ಮೆ ಇರಲಿ. ಗುಡ್ಡದ ಮೇಲಿನ ಗೀತೋಪದೇಶದ ರಥ, ಆತ್ಮಲಿಂಗದ ಕಥೆಯ ಪ್ರತಿಮೆಗಳ ಮುಂದೆ ಫೋಟೊ ತೆಗೆಸಿಕೊಳ್ಳುವವರ ಗದ್ದಲ. ನಮ್ಮ ಅವ್ವಗೆ ಮೂರರಲ್ಲಿ ಇದೇ ಪಸಂದು. ಅವಳಿಗೆ ಅದು ಶಿಲ್ಪ ಅಲ್ಲ, ದೇವರು. ಆ ತಕ್ಕಡಿಯಲ್ಲಿ ಬೇರೆ ಎರಡನ್ನು ತೂಗುವುದೇ ತಪ್ಪು.

ಇನ್ನು ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಹುಬ್ಬಳ್ಳಿಯಿಂದ ಸುಮಾರು 40 ಕಿ.ಮೀ., ರಸ್ತೆಯ ಪಕ್ಕದಲ್ಲೇ. ಕಾರವಾರಕ್ಕೆ ಹೋಗಿ ಬರಲು 300 ಕಿ.ಮೀ. ಮೇಲಾಗುತ್ತದೆ, ಮುರುಡೇಶ್ವರಕ್ಕೆ 400 ಅಂತ ಹಿಡಿಯಿರಿ. ಇದನ್ನು ಕಲ್ಪಿಸಿದವರು ಟಿ.ಬಿ. ಸೊಲಬಕ್ಕನವರ್. ಚಿತ್ರಕಲಾವಿದರು, ದೊಡ್ಡಾಟ ಎಂಬ ನಮ್ಮ ಕಡೆಯ ಬಯಲಾಟದ ಒಡನಾಟದವರು. ಆ ಆಟದ ಗುಣ ಪ್ರತಿಮೆಗಳಿಗೂ ಬಂದಿದೆ ಅಂತ ನನ್ನ ಅನಿಸಿಕೆ: ಯಾರೂ ಸುಮ್ಮನೆ ನೆಟ್ಟಗೆ ನಿಂತಿಲ್ಲ, ಹುಬ್ಬು, ಕುತ್ತಿಗೆ, ಕೈ ಎಲ್ಲದರಲ್ಲೂ ಒಂದು ಮಾತು ನಡೆದಿದೆ. ಉತ್ತರ ಕರ್ನಾಟಕದ ಹಳ್ಳಿಯೊಂದರ ದಿನಚರಿಯೇ ಇಲ್ಲಿ ಆಳೆತ್ತರಕ್ಕೆ ನಿಂತಿದೆ. ದನ, ಎತ್ತು, ಕಸುಬಿನವರು, ಕಟ್ಟೆಯ ಮೇಲೆ ಕುಂತ ಹಿರಿಯರು.

ಇದು ಗೆಲ್ಲುವುದು ಎಲ್ಲಿ ಎಂದರೆ, ನೋಡುವವರು ಇಲ್ಲಿ ಪ್ರೇಕ್ಷಕರಾಗಿ ಉಳಿಯುವುದಿಲ್ಲ, ಪರೀಕ್ಷಕರಾಗುತ್ತಾರೆ. ಅಣ್ಣಿಗೇರಿ ಕಡೆ ಹೊಲ ಮಾಡುವ ನಮ್ಮ ಕಾಕಾ ಎತ್ತುಗಳ ಮುಂದೆ ಬಹಳ ಹೊತ್ತು ನಿಂತು, ಬಗ್ಗಿ, ಗೊರಸು ನೋಡಿ, ಹಿಂದೆ ಹೋಗಿ ಬಾಲ ನೋಡಿ ತೀರ್ಪು ಕೊಟ್ಟರು: "ಕೋಡು ಬರೋಬ್ಬರಿ ಅದಾವು. ಇಣಿ ಇನ್ನೊಂದೀಟು ಬೇಕಾಗಿತ್ತು." ಇಣಿ ಅಂದರೆ ಎತ್ತಿನ ಹೆಗಲ ಮೇಲಿನ ಡುಬ್ಬ. ಕಾರವಾರದಲ್ಲಿ ಇದೇ ಕಾಕಾ ಶಿಲ್ಪದ ಬಗ್ಗೆ ತುಟಿ ಬಿಚ್ಚಿರಲಿಲ್ಲ, ಮೀನಿನ ಬುಟ್ಟಿ, ಹಾಲಕ್ಕಿ ಉಡುಗೆ ಅವರಿಗೆ ಪರಊರಿನ ಸುದ್ದಿ. ಮಗಳು ಇಲ್ಲಿ ಒಂದೊಂದಕ್ಕೂ "ಇದೇನ ಅಜ್ಜಾ?" ಅನ್ನುತ್ತಿದ್ದಳು, ಕಾಕಾ ಹೇಳುತ್ತಿದ್ದರು, ನಾನು ಹಿಂದೆ ಹಿಂದೆ. ಹಾಲಕ್ಕಿ ಮನೆಯವರೊಬ್ಬರು ಕಾರವಾರದ ತೋಟದಲ್ಲಿ ಹೀಗೇ ಗೊರಸು ಎಣಿಸುತ್ತಾ ನಿಲ್ಲಬಹುದು, ಅದನ್ನೂ ಒಪ್ಪುತ್ತೇನೆ.

ಗೊಟಗೋಡಿಯಲ್ಲಿ ನನಗೆ ಸೇರದ್ದೂ ಇದೆ. ಪ್ರತಿಮೆಗಳು ವಿಪರೀತ ಹೆಚ್ಚು. ಅರ್ಧ ದಾರಿಗೇ ಕಣ್ಣು ಸೋಲುತ್ತದೆ, ಆಮೇಲಿನವುಗಳಿಗೆ ನ್ಯಾಯ ಸಿಗುವುದಿಲ್ಲ. ಕೆಲವು ಕಡೆ ಬಣ್ಣ ಹೊಸ ಬೈಕಿನ ಹಾಗೆ ಹೊಳೆಯುತ್ತದೆ, ಹೊಲದಲ್ಲಿ ದುಡಿದ ಮೈಗೆ ಆ ಹೊಳಪು ಹೊಂದುವುದಿಲ್ಲ. ಡಿಸೆಂಬರ್-ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿರುತ್ತವೆ, ಶಿಕ್ಷಕರ ಸೀಟಿ ಬಿಟ್ಟು ಬೇರೇನೂ ಕೇಳಿಸದು. ವಾರದ ನಡುವಿನ ದಿನ, ಜೂನ್‌ನ ಮೊದಲ ಮಳೆಯ ನಂತರ ಹೋದರೆ ನೆಲವೂ ತಂಪು, ಜನವೂ ಕಡಿಮೆ.

ಲಕ್ಕುಂಡಿಯನ್ನು ಈ ಪೈಪೋಟಿಗೆ ಎಳೆದರೆ ಮೂರೂ ಮಂಕಾಗುತ್ತವೆ, ಅದಕ್ಕೇ ಹೊರಗಿಟ್ಟೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವಿರುವ ಊರು, ಗದಗಿನಿಂದ 12 ಕಿ.ಮೀ. ಅಷ್ಟೇ. ಕಾಶಿ ವಿಶ್ವನಾಥ ಗುಡಿಯ ಬಾಗಿಲವಾಡದ ಕೆತ್ತನೆ ಮೆತ್ತಗಿನ ಬಳಪದ ಕಲ್ಲಿನದು. ಒಳಗೆ ಕಬ್ಬಿಣವಿಲ್ಲ, ಮೇಲೆ ಬಣ್ಣವಿಲ್ಲ. ಗೊಟಗೋಡಿಗೂ ಕಾರವಾರಕ್ಕೂ ಬೆಳಗು ಒಳ್ಳೆಯದಾದರೆ ಇಲ್ಲಿಗೆ ಇಳಿಹೊತ್ತಿನ ಓರೆ ಬಿಸಿಲೇ ಬೇಕು. ಮಟಮಟ ಮಧ್ಯಾಹ್ನ ಹೊರಗೋಡೆಯ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ, ನಾಲ್ಕೂವರೆ ನಂತರ ನೆರಳು ಬಿದ್ದು ಒಂದೊಂದೇ ಎಲೆ, ಬಳ್ಳಿ ಎದ್ದು ಬರುತ್ತವೆ.

ಮಕ್ಕಳು ಕಡಲಿಗೇ ಹಟ ಹಿಡಿದರೆ ಕಾರವಾರಕ್ಕೆ ಹೋಗಿ, ಶಿಲ್ಪವನ್ನು ಬೆಳಿಗ್ಗೆಯೇ ಮುಗಿಸಿ, ಸಂಜೆ ನೀರಿಗೆ ಬಿಡಿ. ಮಳೆಗಾಲದಲ್ಲಿ ಮಾತ್ರ ಅರಬೈಲ್ ಘಟ್ಟದ ಸುದ್ದಿ ಕೇಳಿಕೊಂಡು ಗಾಡಿ ತೆಗೆಯಿರಿ. ಗೊಟಗೋಡಿಗೆ ಹಾಗೆ ಏನೂ ಕೇಳಬೇಕಾಗಿಲ್ಲ, ಹಿರಿಯರೊಬ್ಬರನ್ನು ಜೊತೆಗೆ ಕರಕೊಂಡು ಹೋದರೆ ಸಾಕು.