ಪಾರಿವಾಳದ ಬಲೆ ಬೆಕ್ಕಿನ ಮರಿಗೆ ಸಾಲದು: ಬಾಲ್ಕನಿ ಬಲೆಗಳ ವಿಮರ್ಶೆ

ಎಂಟು ವಾರದ ಬೆಕ್ಕಿನ ಮರಿ ಮುಕ್ಕಾಲರಿಂದ ಒಂದು ಕಿಲೋ ತೂಗುತ್ತದೆ. ಬೆಕ್ಕಿನ ಕೊರಳೆಲುಬು ಬಹಳ ಚಿಕ್ಕದು, ಬೇರೆ ಎಲುಬಿಗೆ ಗಟ್ಟಿಯಾಗಿ ಕೂಡಿಕೊಂಡಿಲ್ಲ. ಹಾಗಾಗಿ ತಲೆ ತೂರಿದ ಕಡೆ ಭುಜವೂ ತೂರುತ್ತದೆ, ಆಮೇಲೆ ಇಡೀ ಮೈ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಪಾರಿವಾಳದ ಕಾಟಕ್ಕೆ ಎಂದು ಹಾಕಿಸುವ ಎರಡಿಂಚು ಕಣ್ಣಿನ ಬಲೆಯಲ್ಲಿ ಆಗುವುದೂ ಇದೇ. ರೆಕ್ಕೆ ಬಿಚ್ಚಿ ಬರುವ ಹಕ್ಕಿಯನ್ನು ಅದು ತಡೆಯುತ್ತದೆ, ಮರಿಯನ್ನು ತಡೆಯುವುದಿಲ್ಲ. "ನೆಟ್ ಇದೆಯಲ್ಲ" ಎಂಬ ಧೈರ್ಯದಲ್ಲಿ ಬಾಲ್ಕನಿ ಬಾಗಿಲು ತೆರೆದಿಡುವುದು, ನೆಟ್ ಇಲ್ಲದೆ ಬಾಗಿಲು ಮುಚ್ಚಿಡುವುದಕ್ಕಿಂತ ಅಪಾಯ.

ಮರಿಯನ್ನು ಒಳಗೇ ಬೆಳೆಸುವುದೋ ಹೊರಗೂ ಬಿಡುವುದೋ ಎಂಬ ಪ್ರಶ್ನೆಗೆ ಮಹಡಿ ಮನೆಯಲ್ಲಿ ಉತ್ತರ ಒಂದೇ: ಒಳಗೆ. ಬೀದಿಯಲ್ಲಿ ನಾಯಿ, ಗಾಡಿಗಳ ಜೊತೆಗೆ ಇಲಿ ಪಾಷಾಣ ತಿಂದು ಸತ್ತ ಇಲಿಯೂ ಇದೆ. ಜಗಳದ ಕಡಿತದಿಂದ ಹರಡುವ, ಬೆಕ್ಕಿನ ರೋಗ ತಡೆಯುವ ಶಕ್ತಿಯನ್ನೇ ಕುಂದಿಸುವ ವೈರಸ್ ಎಫ್‌ಐವಿ ಇದೆ, ಲಸಿಕೆ ಮುಗಿಯದ ಮರಿಯನ್ನು ಎರಡು ಮೂರು ದಿನದಲ್ಲಿ ಕೊಲ್ಲಬಲ್ಲ ವೈರಸ್ ರೋಗ ಪ್ಯಾನ್‌ಲ್ಯೂಕೋಪೀನಿಯಾ ಇದೆ. ಹಾಗೆಂದು ಮರಿ ನಾಲ್ಕು ಗೋಡೆಯ ನಡುವೆಯೇ ಬೆಳೆಯಬೇಕು ಎಂದಲ್ಲ. ಗಾಳಿ, ವಾಸನೆ, ಅಳಿಲು, ಗುಬ್ಬಿ, ಕೆಳಗೆ ಓಡಾಡುವ ಜನ, ಇವೆಲ್ಲ ಅದಕ್ಕೆ ಬೇಕು. ಸರಿಯಾದ ಬಲೆ ಹಾಕಿದ ಬಾಲ್ಕನಿ ಇಷ್ಟನ್ನೂ ಕೊಡುತ್ತದೆ. ಅದಕ್ಕೇ ಈ ಸರಕನ್ನು ಅಳೆದು ನೋಡಬೇಕಾದದ್ದು.

ಮೊದಲು ನೈಲಾನ್. ಕಡಿಮೆ ಬೆಲೆಗೆ ಸಿಗುವುದು, ಎಲ್ಲರ ಬಾಲ್ಕನಿಯಲ್ಲೂ ಕಾಣುವುದು ಇದೇ. ತೆಳು, ಪಾರದರ್ಶಕ, ನೋಟಕ್ಕೆ ಅಡ್ಡಿಯಿಲ್ಲ. ಆದರೆ ನೈಲಾನ್ ನೀರು ಹೀರುತ್ತದೆ. ಜೂನ್ ಮಳೆಯಲ್ಲಿ ನೆನೆದ ಬಲೆ ಸಡಿಲವಾಗಿ ಜೋಲುತ್ತದೆ, ಅಂಚಿನಲ್ಲಿ ಸಂದು ಬೀಳುತ್ತದೆ. ಬಿಸಿಲು ಅದನ್ನು ಒಳಗಿನಿಂದ ಸವೆಸುತ್ತದೆ. ನೋಡಲು ಗಟ್ಟಿಯಾಗಿಯೇ ಇರುತ್ತದೆ, ಎಳೆದರೆ ಪಟ್ಟನೆ ಹರಿಯುತ್ತದೆ. ಮೀನಿನ ಗಾಳದ ದಾರದಂಥ ಒಂಟಿ ಎಳೆಯ ನೈಲಾನ್ ಬಲೆಯನ್ನಂತೂ ಬೆಕ್ಕಿರುವ ಮನೆಗೆ ಹಾಕಿಸಲೇಬೇಡಿ. ಹತ್ತಲು ಹೋದ ಮರಿಯ ಉಗುರು, ಕಾಲು ಸಿಕ್ಕಿಕೊಂಡರೆ ಒದ್ದಾಡಿದಷ್ಟೂ ಎಳೆ ಬಿಗಿಯುತ್ತದೆ. ನಮ್ಮ ಅಂಕ ಐದಕ್ಕೆ ಒಂದೂವರೆ.

ಹೆಣೆದ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಬಲೆಯದು ಬೇರೆಯೇ ಮಾತು. ನೀರು ಹೀರುವುದಿಲ್ಲ, ಆದ್ದರಿಂದ ಮಳೆಗಾಲದಲ್ಲೂ ಬಿಗಿ ಉಳಿಯುತ್ತದೆ. ಬಿಸಿಲು ತಡೆಯುವ ರಾಸಾಯನಿಕ ಬೆರೆಸಿದ, ಕಪ್ಪು ಬಣ್ಣದ ಎಳೆ ಆರಿಸಿ. ಕಪ್ಪು ಬಣ್ಣಕ್ಕೆ ಬೆರೆಸುವ ಕಾರ್ಬನ್ ಬಿಸಿಲನ್ನು ತಾನೇ ಹೀರಿ ಪ್ಲಾಸ್ಟಿಕ್ಕನ್ನು ಉಳಿಸುತ್ತದೆ. ಕಪ್ಪು ಬಲೆ ಬಿಳಿಯದಕ್ಕಿಂತ ಕಣ್ಣಿಗೆ ಕಡಿಮೆ ರಾಚುತ್ತದೆ ಎಂಬುದು ಇನ್ನೊಂದು ಲಾಭ. ಅಂಗಡಿಯವರು ಕೊಟ್ಟದ್ದು ನಿಜವಾಗಿ ಎಚ್‌ಡಿಪಿಇಯೋ ನೈಲಾನೋ ತಿಳಿಯಲು ಒಂದು ಬೆರಳುದ್ದದ ತುಂಡು ಸಾಕು. ಲೋಟದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ತುಂಡನ್ನು ಮುಳುಗಿಸಿ ಗಾಳಿಗುಳ್ಳೆ ಹೋಗುವಂತೆ ಹಿಸುಕಿ ಬಿಡಿ. ಎಚ್‌ಡಿಪಿಇ ತೇಲುತ್ತದೆ, ನೈಲಾನ್ ಮುಳುಗುತ್ತದೆ. ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಳೆದದ್ದು ಹಲ್ಲಿನ ಕಾರಣಕ್ಕೆ: ಮೂರೂವರೆ ತಿಂಗಳಿಂದ ಆರು ತಿಂಗಳವರೆಗೆ ಮರಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ, ಆಗ ಸಿಕ್ಕಿದ್ದನ್ನೆಲ್ಲ ಜಗಿಯುತ್ತದೆ. ಯಾವ ಪ್ಲಾಸ್ಟಿಕ್ ಬಲೆಯೂ ಹಟ ಹಿಡಿದು ಜಗಿಯುವ ಬೆಕ್ಕಿನ ಮುಂದೆ ಬಾಳುವುದಿಲ್ಲ.

ಬಲೆಯ ಕಣ್ಣಿನ ಅಳತೆಯಲ್ಲಿ ಮೋಸ ಹೋಗುವವರು ಬಹಳ. ಬಲೆ ವ್ಯಾಪಾರದಲ್ಲಿ ಎರಡು ಲೆಕ್ಕ ಇದೆ. ಒಂದು, ಗಂಟಿನಿಂದ ಪಕ್ಕದ ಗಂಟಿಗೆ ಅಳೆಯುವುದು. ಇನ್ನೊಂದು, ಕಣ್ಣನ್ನು ಉದ್ದಕ್ಕೆ ಎಳೆದು ಹಿಡಿದು ಅಳೆಯುವುದು, ಮೀನುಬಲೆಯವರ ಪದ್ಧತಿ. ಎಳೆದಾಗ 50 ಮಿಲಿಮೀಟರ್ ಬರುವ ಕಣ್ಣು ಗಂಟಿನಿಂದ ಗಂಟಿಗೆ 25 ಮಾತ್ರ. ಮರಿಗೆ ಬೇಕಾದದ್ದು ಗಂಟಿನಿಂದ ಗಂಟಿಗೆ 25 ಮಿಲಿಮೀಟರ್, ಹೆಚ್ಚೆಂದರೆ 30. ಫೋನಿನಲ್ಲಿ "ಒಂದು ಇಂಚು" ಎಂದು ಹೇಳಿ ಸುಮ್ಮನಾಗದೆ, ಸ್ಕೇಲ್ ಇಟ್ಟು ತೆಗೆದ ಫೋಟೋ ಕಳಿಸಲು ಹೇಳಿ.

ಈಗ ಹೆಚ್ಚು ಮಾರಾಟವಾಗುತ್ತಿರುವ ಇನ್ವಿಸಿಬಲ್ ಗ್ರಿಲ್ ಬಗ್ಗೆ. ಎರಡು ಮೂರು ಮಿಲಿಮೀಟರಿನ ಸ್ಟೀಲ್ ಕೇಬಲ್ಲುಗಳನ್ನು ಎರಡು, ಮೂರು ಇಂಚು ಬಿಟ್ಟು ಎಳೆದು ಕಟ್ಟುತ್ತಾರೆ. ಮಕ್ಕಳಿಗಾಗಿ ಮಾಡಿದ್ದು, ಮಕ್ಕಳಿಗೆ ಒಳ್ಳೆಯದೇ. ಬೆಕ್ಕಿನ ಮರಿ ಅದರ ನಡುವೆ ಬಾಗಿಲಲ್ಲಿ ನಡೆದ ಹಾಗೆ ನಡೆದುಹೋಗುತ್ತದೆ. ಈಗಾಗಲೇ ಹಾಕಿಸಿದ್ದರೆ ಕೀಳಿಸಬೇಕಿಲ್ಲ, ಒಳಬದಿಗೆ ಎಚ್‌ಡಿಪಿಇ ಬಲೆಯನ್ನು ಕೇಬಲ್ ಟೈನಿಂದ ಕಟ್ಟಿಸಬಹುದು. ಟೈ ಕಪ್ಪಗಿನ, ಬಿಸಿಲು ತಡೆಯುವ ಬಗೆಯದೇ ಇರಲಿ. ಬಿಳಿ ಟೈ ಬಿಸಿಲಿಗೆ ಪೆಡಸಾಗಿ ಮುರಿದು ಉದುರುತ್ತದೆ.

ಬಜೆಟ್ ಇದ್ದರೆ, ಮನೆ ಸ್ವಂತದ್ದಾದರೆ, ಸ್ಟೀಲ್ ಮೆಶ್‌ಗೆ ಐದಕ್ಕೆ ಐದು. ಅಲ್ಯೂಮಿನಿಯಂ ಚೌಕಟ್ಟಿಗೆ ಕೂರಿಸಿದ ಒಂದಿಂಚು ಅಥವಾ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ಶನ್ನು ಬೆಕ್ಕು ಕಚ್ಚಲಾರದು, ಇಲಿ ಕಡಿಯಲಾರದು. ಬಲೆಗಿಂತ ಹಲವು ಪಟ್ಟು ಖರ್ಚು, ಭಾರವೂ ಹೆಚ್ಚು. ಒಳನಾಡಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಮಂಗಳೂರು, ಉಡುಪಿ, ಕಾರವಾರದಂಥ ಕಡಲ ಬದಿಯಲ್ಲಿ ಉಪ್ಪು ಗಾಳಿಗೆ 304ಕ್ಕೂ ಕಂದು ಕಲೆ ಬರುತ್ತದೆ, ಅಲ್ಲಿ 316 ಕೇಳಿ. ಅಯಸ್ಕಾಂತ ಹಿಡಿದು ಪರೀಕ್ಷಿಸುವುದನ್ನು ನಂಬಬೇಡಿ. ಎಳೆದು ತಂತಿ ಮಾಡಿದ 304 ಕೂಡ ಸ್ವಲ್ಪ ಅಂಟುತ್ತದೆ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೇ ಮೇಲು. ಚೌಕಟ್ಟಿನ ಒಂದು ಭಾಗ ಚಿಲಕ ಹಾಕಿ ತೆಗೆಯುವಂತಿರಬೇಕು. ಬೆಂಕಿ ಅನಾಹುತವಾದರೆ ಬಾಲ್ಕನಿಯೇ ದಾರಿ.

ಸರಕು ಎಷ್ಟೇ ಒಳ್ಳೆಯದಿರಲಿ, ಕೆಡುವುದು ಕೂರಿಸುವಾಗ. ನೆಟ್ ಹಾಕುವವರು ಬಾಲ್ಕನಿ ಅಳೆದು ಚದರ ಅಡಿ ಲೆಕ್ಕದಲ್ಲಿ ದರ ಹೇಳುತ್ತಾರೆ. ಹುಕ್, ಅಂಚಿನ ಹಗ್ಗ, ಕೂಲಿ ಅದರಲ್ಲೇ ಸೇರಿದೆಯೇ ಎಂದು ಮೊದಲೇ ಕೇಳಿ. ಪಾರಿವಾಳಕ್ಕಾದರೆ ಒಂದೂವರೆ, ಎರಡು ಅಡಿಗೊಂದು ಹುಕ್ ಹೊಡೆದು ಮುಗಿಸುತ್ತಾರೆ. ಬೆಕ್ಕಿಗೆ ಎಂಟರಿಂದ ಹತ್ತು ಇಂಚಿಗೊಂದು ಬೇಕು, ಕೆಳ ಅಂಚಿನಲ್ಲಿ ಆರಿಂಚಿಗೊಂದು. ಏಕೆಂದರೆ ಮರಿ ಬಲೆಯ ನಡುವೆ ನುಗ್ಗುವುದಿಲ್ಲ. ಮೂಗಿನಿಂದ ನೆಲದ ಅಂಚನ್ನು ಎತ್ತುತ್ತದೆ, ಮೂಲೆ ಹುಡುಕುತ್ತದೆ. ಹುಕ್ ಪ್ಲಾಸ್ಟಿಕ್ಕಿನದಾಗದೆ ಸ್ಟೀಲಿನದಾಗಿರಲಿ. ಗೋಡೆಗೆ ಕೊರೆದು, ಪ್ಲಗ್ ಕೂರಿಸಿ, ತಿರುಪಿ ಹಾಕಬೇಕು. ಬರೀ ಗಾರೆಯಲ್ಲಿ ಕೂತ ಹುಕ್ ಬೆಕ್ಕು ಎರಡು ಸಲ ಹತ್ತಿದರೆ ಕಳಚಿ ಬರುತ್ತದೆ. ತೂತು ಒಳಗಿನ ಕಾಂಕ್ರೀಟು ಅಥವಾ ಇಟ್ಟಿಗೆಗೆ ಇಳಿಯಲೇಬೇಕು. ಸುತ್ತ ಅಂಚಿಗೆ ದಪ್ಪ ಹಗ್ಗ ಪೋಣಿಸಿ, ಆ ಹಗ್ಗವನ್ನು ಹುಕ್ಕಿಗೆ ಹಾಕಬೇಕು. ಬಲೆಯ ಕಣ್ಣನ್ನೇ ನೇರ ಹುಕ್ಕಿಗೆ ಸಿಕ್ಕಿಸಿದರೆ ಅಲ್ಲಿಂದಲೇ ಹರಿಯಲು ಶುರು.

ಕೆಲಸ ಮುಗಿಸಿದವರಿಗೆ ಹಣ ಕೊಡುವ ಮುನ್ನ ಮಂಡಿಯೂರಿ ಕೂತು ನೋಡಿ. ಎರಡೂ ಅಂಗೈಯಿಂದ ಬಲೆಯನ್ನು ಹೊರಕ್ಕೆ ತಳ್ಳಿ, ಅಂಚಿನುದ್ದಕ್ಕೂ ಕಣ್ಣಾಡಿಸಿ. ತಳ್ಳಿದಾಗ ಎಲ್ಲಿಯಾದರೂ ಎರಡು ಬೆರಳಿಗಿಂತ ಅಗಲ ಸಂದು ಬಿಟ್ಟರೆ ಅಲ್ಲಿ ಇನ್ನೊಂದು ಹುಕ್ ಹಾಕಿಸಿ. ಮಳೆನೀರಿನ ಪೈಪು ಗೋಡೆಗಂಟಿ ಇಳಿಯುವ ಜಾಗವನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ಪೈಪಿನ ಹಿಂದಿನ ಸಂದಿಗೆ ಮೆಶ್ ತುಂಡು ತುರುಕಿ ಕಟ್ಟಿಸಬೇಕು. ಇನ್ನು ಯುಟಿಲಿಟಿ. ಮುಂದಿನ ಬಾಲ್ಕನಿಗೆ ಚೆಂದದ ಬಲೆ ಹಾಕಿಸಿ, ವಾಷಿಂಗ್ ಮಷಿನ್ ಇಟ್ಟ ಹಿಂದಿನ ಜಾಗ ಹಾಗೇ ಬಿಟ್ಟ ಮನೆಗಳು ಎಷ್ಟೋ. ಮಷಿನ್ ಮೇಲೆ ಹತ್ತಿದರೆ ಗೋಡೆಯ ತಲೆ ಮರಿಗೆ ಒಂದೇ ನೆಗೆತ.

ಕಿಟಕಿಯ ಸೊಳ್ಳೆ ಪರದೆಯೂ ಬಲೆಯಲ್ಲ. ಫೈಬರ್ ಜಾಲರಿ ಉಗುರಿಗೆ ಸೀಳುತ್ತದೆ, ಮಡಚುವ ಪ್ಲೀಟೆಡ್ ಪರದೆ ಒಂದು ವಾರವೂ ಬಾಳದು. ಯುಪಿವಿಸಿ ಕಿಟಕಿಯ ಜಾರುವ ಜಾಲರಿಯನ್ನು ಮರಿ ಪಂಜದಿಂದ ಸರಿಸಲು ಬೇಗ ಕಲಿಯುತ್ತದೆ, ಅದಕ್ಕೊಂದು ಲಾಕ್ ಕೂರಿಸಿ.

ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತದೆ, ಬಲೆ ಯಾಕೆ ಎನ್ನುವವರಿದ್ದಾರೆ. ಕಾಲ ಮೇಲೆ ಇಳಿಯುವುದು ನಿಜ, ಆದರೂ ಪೆಟ್ಟು ತಪ್ಪುವುದಿಲ್ಲ. ಎದೆಗೂಡಿಗೆ ಏಟು, ದವಡೆ ಮುರಿತ, ಬಾಯಿಯ ಅಂಗುಳ ಸೀಳುವುದು, ಇವು ಮಹಡಿಯಿಂದ ಬಿದ್ದ ಬೆಕ್ಕುಗಳಲ್ಲಿ ಪಶುವೈದ್ಯರು ಪದೇ ಪದೇ ಕಾಣುವ ಗಾಯಗಳು. 1987ರಲ್ಲಿ ನ್ಯೂಯಾರ್ಕಿನ ಪ್ರಾಣಿ ಆಸ್ಪತ್ರೆಯೊಂದರ ವೈದ್ಯರು ಹಾಗೆ ಬಿದ್ದ 132 ಬೆಕ್ಕುಗಳ ಅಧ್ಯಯನ ಪ್ರಕಟಿಸಿದರು, ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ತೊಂಬತ್ತು ಉಳಿದವು. ಈ ಅಂಕಿಯನ್ನು ಹಿಡಿದು ನೆಮ್ಮದಿಯಾಗಿರುವವರು ಒಂದನ್ನು ಮರೆಯುತ್ತಾರೆ: ಬಿದ್ದಲ್ಲೇ ಸತ್ತದ್ದನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ, ಅದು ಲೆಕ್ಕಕ್ಕೂ ಸಿಗುವುದಿಲ್ಲ.

ಬಲೆ ಯಾವಾಗ? ಮರಿ ಮನೆಗೆ ಬರುವ ಮೊದಲೇ. ಹತ್ತು ಹನ್ನೆರಡು ವಾರಕ್ಕೆ ಅದರ ನೆಗೆತ ಬಲಿಯುತ್ತದೆ, ಬುದ್ಧಿ ಬಲಿತಿರುವುದಿಲ್ಲ. ಬಲೆ ಇದ್ದರೂ ಮೊದಲ ವಾರ ನೀವು ಪಕ್ಕದಲ್ಲಿದ್ದಾಗ ಮಾತ್ರ ಬಾಲ್ಕನಿಗೆ ಬಿಡಿ. ಕಟಕಟೆಗೆ ಹತ್ತಿರ ಕುರ್ಚಿ, ಕುಂಡ ಬೇಡ, ಹತ್ತಲು ಗೋಡೆಯ ಕಡೆಗೊಂದು ಹಲಗೆ ಕೊಡಿ. ಒಳಗೆ ಮೂರಡಿ ಎತ್ತರದ ಪರಚುವ ಕಂಬ, ದಿನಕ್ಕೆರಡು ಸಲ ಹದಿನೈದು ನಿಮಿಷ ದಾರ ಕಟ್ಟಿದ ಕೋಲಿನ ಆಟ ಇದ್ದರೆ ಬಲೆ ಜಗಿಯುವ ಚಟ ಅರ್ಧಕ್ಕರ್ಧ ಇಳಿಯುತ್ತದೆ. ಬಿಸಿಲಿಗೆ ಬಿಡದಿದ್ದರೆ ವಿಟಮಿನ್ ಡಿ ಸಿಗದು ಎಂಬ ಚಿಂತೆ ಬೇಡ. ಬೆಕ್ಕಿನ ಚರ್ಮ ಅದನ್ನು ಬೇಕಾದಷ್ಟು ತಯಾರಿಸುವುದೇ ಇಲ್ಲ, ಆಹಾರದಿಂದಲೇ ಬರಬೇಕು. ಬಿಳಿ ಕಿವಿಯ ಬೆಕ್ಕಿಗಂತೂ ಮಧ್ಯಾಹ್ನದ ಬಿಸಿಲಿನಿಂದ ಕಿವಿಯ ತುದಿಗೆ ಕ್ಯಾನ್ಸರ್ ಬರುವುದುಂಟು, ಒಂದು ಮೂಲೆಗೆ ನೆರಳು ಕಟ್ಟಿ.

ಹೆಂಚಿನ ಮನೆ, ತೋಟದ ಮನೆಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಟ್ಟದಿಂದ ಸೂರಿಗೆ, ಸೂರಿನಿಂದ ಅಂಗಳಕ್ಕೆ ನೂರು ದಾರಿ ಇರುವಲ್ಲಿ ಬೆಕ್ಕನ್ನು ಪೂರ್ತಿ ಒಳಗಿಡಲಾಗದು. ಅಲ್ಲಿ ಹಣ ಬಲೆಗಲ್ಲ, ಬೇರೆ ಮೂರಕ್ಕೆ ಹೋಗಬೇಕು. ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದವರೆಗೆ ಲಸಿಕೆ. ಹನ್ನೆರಡು ವಾರ ದಾಟಿದ ಮೇಲೆ ರೇಬೀಸ್ ಚುಚ್ಚುಮದ್ದು. ಐದು ತಿಂಗಳೊಳಗೆ ಸಂತಾನಹರಣ ಶಸ್ತ್ರಚಿಕಿತ್ಸೆ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಬಸಿರು ಒಂಬತ್ತೇ ವಾರ. ಇಷ್ಟಾಗುವ ತನಕ ಹೊರಗೆ ಬಿಡಬೇಡಿ. ಆಮೇಲೂ ಕತ್ತಲಾಗುವ ಮೊದಲು ಊಟದ ತಟ್ಟೆ ತೋರಿಸಿ ಒಳಗೆ ಕರೆದು ಬಾಗಿಲು ಹಾಕುವ ರೂಢಿ ಮಾಡಿ.

ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಓನರ್ ಒಪ್ಪದಿದ್ದರೆ, ನೆಲದಿಂದ ಚಾವಣಿಗೆ ಸ್ಪ್ರಿಂಗಿನಲ್ಲಿ ಬಿಗಿಯುವ ಕಂಬಗಳನ್ನು ನಿಲ್ಲಿಸಿ ಬಲೆ ಕಟ್ಟಬಹುದು. ಸಣ್ಣ ಬಾಲ್ಕನಿಗೆ ಪರವಾಗಿಲ್ಲ. ಹತ್ತು ಅಡಿ ಮೀರಿದ ಅಗಲಕ್ಕೆ ನಂಬಿಕೆಯಿಲ್ಲ, ಕಂಬ ಜಾರುತ್ತದೆ. ವಾರಕ್ಕೊಮ್ಮೆ ಬಿಗಿ ನೋಡಲೇಬೇಕು.

ಇಷ್ಟೆಲ್ಲ ಮಾಡಿಸಿದ ಬಲೆಗೆ ಕುತ್ತು ಬರುವುದು ಹೆಚ್ಚಾಗಿ ಎಸಿ ಮೆಕ್ಯಾನಿಕ್ಕಿನಿಂದ, ಇಲ್ಲವೇ ಪೇಂಟಿಂಗ್ ಕೆಲಸದವರಿಂದ. ಹೊರಗಿನ ಯೂನಿಟ್ ಮುಟ್ಟಲು ಬಲೆ ಕತ್ತರಿಸಿ, ಹೋಗುವಾಗ ಒಂದು ದಾರ ಸುತ್ತಿ ಹೋಗುತ್ತಾರೆ. ಯೂನಿಟ್ ಇರುವ ಕಡೆ ಮೊದಲೇ ಎರಡು ಬಲೆಗಳು ಒಂದಡಿ ಒಂದರ ಮೇಲೊಂದು ಬರುವಂತೆ ಹಾಕಿಸಿ, ಆ ಅಂಚನ್ನು ಪರ್ವತಾರೋಹಿಗಳ ಬಗೆಯ ಸ್ಟೀಲ್ ಕೊಂಡಿಗಳಿಂದ ಜೋಡಿಸಿಕೊಂಡರೆ ಕತ್ತರಿಯೇ ಬೇಡ. ಕೆಲಸದವರು ಹೋದ ಮೇಲೆ ಕೊಂಡಿಗಳನ್ನು ನೀವೇ ಎಣಿಸಿ ಹಾಕಿ, ಆಮೇಲೆ ಮರಿಯನ್ನು ಕೋಣೆಯಿಂದ ಬಿಡಿ.