ಕನ್ನಡ ಪುಸ್ತಕಕ್ಕೆ ಸ್ಕ್ರೈಬಸ್ 1.6: ಮಾಸ್ಟರ್ ಪೇಜ್ ಎಷ್ಟರಮಟ್ಟಿಗೆ ಒದಗುತ್ತದೆ?

ಉಚಿತವಾಗಿ ಸಿಗುವ ಪುಟವಿನ್ಯಾಸದ ತಂತ್ರಾಂಶ ಸ್ಕ್ರೈಬಸ್‌ನಲ್ಲಿ ಕನ್ನಡ ಪುಸ್ತಕ ಮಾಡುವುದು ಬಹುಕಾಲ ಆಗದ ಮಾತಾಗಿತ್ತು. 1.4ರ ಆವೃತ್ತಿಗಳಲ್ಲಿ ಯುನಿಕೋಡ್ ಒತ್ತಕ್ಷರಗಳು ಒಡೆದು ಬೀಳುತ್ತಿದ್ದವು. 2024ರಲ್ಲಿ ಬಂದ 1.6ರಲ್ಲಿ ಆ ತೊಡಕಿಲ್ಲ, ನೋಟೊ ಸೆರಿಫ್ ಕನ್ನಡದಂಥ ಫಾಂಟ್ ಸರಿಯಾಗಿ ಕೂರುತ್ತದೆ. ಹಾಗಾಗಿ ಈಗ ಪರೀಕ್ಷಿಸಬೇಕಾದದ್ದು ಇದರ ಮಾಸ್ಟರ್ ಪೇಜ್, ಅಂದರೆ ಪುಟಸಂಖ್ಯೆ, ಶಿರೋನಾಮೆ (ಪುಟದ ತಲೆಯ ಮೇಲೆ ಬರುವ ಸಾಲು) ಮುಂತಾಗಿ ಹಲವು ಪುಟಗಳಲ್ಲಿ ಮರುಕಳಿಸುವುದನ್ನು ಒಮ್ಮೆಗೇ ಇಡುವ ಮಾದರಿ ಪುಟ. ಕಾದಂಬರಿ, ಕವನ ಸಂಕಲನಗಳಿಗೆ ಅದು ಧಾರಾಳವಾಗಿ ಸಾಕು. ಇಪ್ಪತ್ತು ಲೇಖಕರ ಲೇಖನ ಸಂಗ್ರಹಕ್ಕೆ ಮಾತ್ರ ಬೆವರಿಳಿಸುತ್ತದೆ.

ಡೆಮಿ 1/8 ಪುಸ್ತಕಕ್ಕೆ 140 × 216 ಮಿ.ಮೀ. ಅಳತೆ ಕೊಟ್ಟು, ಡಬಲ್ ಸೈಡೆಡ್ ಆರಿಸಿ, ಮೊದಲ ಪುಟ ಬಲಗಡೆ ಎಂದು ಗುರುತಿಸಿ. ಒಳ ಅಂಚು 20, ಹೊರ ಅಂಚು 15 ಮಿ.ಮೀ. ಇದ್ದರೆ ಅಂಟಿನ ಬೈಂಡಿಂಗ್‌ನಲ್ಲೂ ಸಾಲುಗಳು ಬೆನ್ನಿನೊಳಗೆ ಹೂತುಹೋಗುವುದಿಲ್ಲ. ಎಡಿಟ್ ಮೆನುವಿನಲ್ಲಿ ಮಾಸ್ಟರ್ ಪೇಜಸ್ ತೆರೆದರೆ ನಾರ್ಮಲ್ ಲೆಫ್ಟ್, ನಾರ್ಮಲ್ ರೈಟ್ ಎಂಬ ಎರಡು ತಯಾರಿರುತ್ತವೆ. ಎರಡರಲ್ಲೂ ಕೆಳಗೆ ಸಣ್ಣ ಟೆಕ್ಸ್ಟ್ ಫ್ರೇಮ್ (ಪಠ್ಯದ ಚೌಕಟ್ಟು) ಎಳೆದು, ಇನ್ಸರ್ಟ್ ಮೆನುವಿನ ಕ್ಯಾರೆಕ್ಟರ್ ಪಟ್ಟಿಯಿಂದ ಪೇಜ್ ನಂಬರ್ ಹಾಕಿ. ಅಲ್ಲಿ # ಮಾತ್ರ ಕಾಣುತ್ತದೆ. ಹಳೆಯ ಪೇಜ್‌ಮೇಕರ್ ತಂತ್ರಾಂಶದಲ್ಲಿ ಪುಟಸಂಖ್ಯೆಯ ಜಾಗದಲ್ಲಿ ಎಲ್‌ಎಂ, ಆರ್‌ಎಂ ಕಾಣುತ್ತಿದ್ದ ಹಾಗೆ. ಒಂದೇ ಗುರುತಿಗೆ ಇಷ್ಟು ಜಾಗ ಸಾಕೆಂದು ಫ್ರೇಮನ್ನು ಕಿರಿದು ಮಾಡಿದರೆ ನೂರನೇ ಪುಟ ಮುಟ್ಟುವಾಗ ಸಂಖ್ಯೆ ಹಿಡಿಸದೆ ಹೋಗುತ್ತದೆ. 15 ಮಿ.ಮೀ. ಅಗಲ ಇರಲಿ. ಮಾಸ್ಟರ್ ಪೇಜಸ್ ಕಿಟಕಿ ಮುಚ್ಚಿದ ಮೇಲೆಯೇ ನೀವು ಪುಸ್ತಕದ ಪುಟಕ್ಕೆ ಮರಳುವುದು, ಇದನ್ನು ಮರೆಯಬೇಡಿ.

ಹೊಸಬರು ಎಡವುವುದು ಬೇರೆ ಕಡೆ. ಮಾಸ್ಟರ್‌ನಲ್ಲಿ ದೊಡ್ಡ ಟೆಕ್ಸ್ಟ್ ಫ್ರೇಮ್ ಇಟ್ಟು, ಪುಟಗಳಲ್ಲಿ ಅದರೊಳಗೆ ಪಠ್ಯ ಸುರಿಯಬಹುದು ಅಂದುಕೊಳ್ಳುತ್ತಾರೆ. ಸ್ಕ್ರೈಬಸ್‌ನಲ್ಲಿ ಮಾಸ್ಟರ್ ಬರೀ ಹಿನ್ನೆಲೆ. ಪುಟದ ಮೇಲೆ ನಿಂತು ಅದರ ಯಾವ ಭಾಗವನ್ನೂ ಮುಟ್ಟಲಾಗದು. ಇಂಥದೇ ಇನ್ನೊಂದು ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಕಂಟ್ರೋಲ್, ಶಿಫ್ಟ್ ಒತ್ತಿ ಕ್ಲಿಕ್ ಮಾಡಿ ಬಿಡಿಸಿಕೊಳ್ಳುವ ದಾರಿ ಇಲ್ಲಿಲ್ಲ. ಮುಖ್ಯ ಪಠ್ಯಕ್ಕೆ ಹೊಸ ಡಾಕ್ಯುಮೆಂಟ್ ಮಾಡುವಾಗಲೇ ಆಟೊಮ್ಯಾಟಿಕ್ ಟೆಕ್ಸ್ಟ್ ಫ್ರೇಮ್ ಟಿಕ್ ಮಾಡಬೇಕು. ಹಿನ್ನೆಲೆಯಾದ್ದರಿಂದ ಇನ್ನೊಂದು ಪರಿಣಾಮವೂ ಇದೆ: ಪುಟ ತುಂಬ ಚಿತ್ರ ಹಾಕಿದರೆ ಪುಟಸಂಖ್ಯೆ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಸಂಖ್ಯೆಯನ್ನು ಮೇಲಿನ ಬೇರೆ ಲೇಯರ್‌ಗೆ ಸೇರಿಸಿದರೆ ಸರಿಹೋಗುತ್ತದೆ. ಆಮೇಲೆ ಅಂಚು ಬದಲಿಸಿದರೆ, ಡಾಕ್ಯುಮೆಂಟ್ ಸೆಟಪ್‌ನಲ್ಲಿ ಎಲ್ಲ ಪುಟಗಳಿಗೂ ಎಲ್ಲ ಮಾಸ್ಟರ್‌ಗಳಿಗೂ ಅನ್ವಯಿಸುವ ಎರಡೂ ಟಿಕ್ ಬೇಕು. ಒಂದು ಬಿಟ್ಟರೆ ಪಠ್ಯದ ಅಂಚೂ ಶಿರೋನಾಮೆಯ ಅಂಚೂ ಬೇರೆಬೇರೆಯಾಗುತ್ತವೆ.

ಮುನ್ನುಡಿಗೆ ರೋಮನ್, ಕಥೆಗೆ 1ರಿಂದ ಸಂಖ್ಯೆ ಬೇಕಿದ್ದರೆ ಅದೇ ಡಾಕ್ಯುಮೆಂಟ್ ಸೆಟಪ್‌ನ ಸೆಕ್ಷನ್ಸ್‌ನಲ್ಲಿ ಎರಡು ಸಾಲು ಸಾಕು. ಆದರೆ ಅಲ್ಲಿಯ ಶೈಲಿಗಳ ಪಟ್ಟಿಯಲ್ಲಿ ಅರೇಬಿಕ್, ಹೀಬ್ರೂ ಇವೆ, ಕನ್ನಡ ಅಂಕಿ ಇಲ್ಲ. ಕನ್ನಡದ ಪುಟಕ್ಕೆ ಕನ್ನಡದ ಅಂಕಿ ಬಯಸುವವರಿಗೆ ಇದು ನಿಜಕ್ಕೂ ಬೇಸರದ ಕೊರತೆ. ಸುತ್ತುದಾರಿಯೊಂದಿದೆ: ಮಾಸ್ಟರ್‌ನಲ್ಲಿರುವ # ಗುರುತಿಗಷ್ಟೇ ಯುನಿಕೋಡ್ ಅಲ್ಲದ ಹಳೆಯ ನುಡಿ ಆಸ್ಕಿ ಫಾಂಟ್ ಕೊಡಿ, ಹೆಸರಿನ ಕೊನೆಗೆ ‘ಕೆ’ ಇರುವಂಥದ್ದು. ಅವುಗಳಲ್ಲಿ ಇಂಗ್ಲಿಷ್ ಅಂಕಿಗಳ ಜಾಗದಲ್ಲೇ ಕನ್ನಡ ಅಂಕಿ ಇರುವುದರಿಂದ 48 ಎಂಬುದು ೪೮ ಆಗಿ ಅಚ್ಚಾಗುತ್ತದೆ. ಪಿಡಿಎಫ್‌ನಲ್ಲಿ ಫಾಂಟ್ ಎಂಬೆಡ್ ಆಗಿದೆಯೇ (ಫೈಲಿನೊಳಗೇ ಸೇರಿದೆಯೇ) ಎಂದು ನೋಡಿಕೊಂಡೇ ಪ್ರೆಸ್ಸಿಗೆ ಕೊಡಿ.

ಮಾಸ್ಟರ್ ಪೇಜ್‌ನ ದೊಡ್ಡ ಸೋಲು ಶಿರೋನಾಮೆಯಲ್ಲಿ. ಅಧ್ಯಾಯದ ಹೆಸರನ್ನು ಶೈಲಿಯಿಂದ ತಾನಾಗಿ ಎತ್ತಿಕೊಳ್ಳುವ ಸೌಲಭ್ಯವಿಲ್ಲ, ಒಂದು ಮಾಸ್ಟರ್ ಆಧರಿಸಿ ಇನ್ನೊಂದು ಕಟ್ಟುವ ಏರ್ಪಾಡೂ ಇಲ್ಲ. ಪ್ರತಿ ಲೇಖನಕ್ಕೂ ಡ್ಯೂಪ್ಲಿಕೇಟ್ ಮಾಡಿ, ಹೆಸರು ತಿದ್ದಿ, ಅಪ್ಲೈ ಮಾಸ್ಟರ್ ಪೇಜ್‌ನಲ್ಲಿ ಪುಟಗಳ ವ್ಯಾಪ್ತಿ ಕೊಟ್ಟು ಸಮಪುಟಕ್ಕೊಮ್ಮೆ, ಬೆಸಪುಟಕ್ಕೊಮ್ಮೆ ಹಾಕಬೇಕು. ಇಪ್ಪತ್ತು ಲೇಖನವಾದರೆ ನಲವತ್ತು ಸಲ. ಅಷ್ಟಾದ ಮೇಲೆ ಶಿರೋನಾಮೆಯನ್ನು 2 ಮಿ.ಮೀ. ಮೇಲೆತ್ತಬೇಕೆಂದರೆ ಅಷ್ಟೂ ಮಾಸ್ಟರ್‌ಗಳನ್ನು ತಿದ್ದಬೇಕು. ಎಡಪುಟದಲ್ಲಿ ಪುಸ್ತಕದ ಹೆಸರನ್ನಷ್ಟೇ ಇಟ್ಟರೆ ಕೆಲಸ ಅರ್ಧಕ್ಕಿಳಿಯುತ್ತದೆ. ನಡುವೆ ಒಂದೇ ಒಂದು ಪುಟ ಸೇರಿಸಿದ್ದರೆ, ಮುಂದಿನ ಪುಟಗಳಲ್ಲಿ ಎಡದ ಮಾಸ್ಟರ್ ಬಲಕ್ಕೆ ಬಂದಿದೆಯೇ ಎಂದು ಕಣ್ಣಾಡಿಸಿ.

ಅಧ್ಯಾಯ ಶುರುವಾಗುವ ಪುಟಕ್ಕೆ ಶಿರೋನಾಮೆಯಿಲ್ಲದ್ದು, ಖಾಲಿ ಪುಟಕ್ಕೆ ಏನೂ ಇಲ್ಲದ್ದು, ಹೀಗೆ ಎರಡು ಮಾಸ್ಟರ್ ಮೊದಲೇ ಮಾಡಿಟ್ಟುಕೊಳ್ಳಿ. ಒಂದೇ ಮಾಲಿಕೆಯ ಪುಸ್ತಕಗಳಾದರೆ ಇವನ್ನೆಲ್ಲ ಹೊಸ ಫೈಲಿಗೆ ಇಂಪೋರ್ಟ್ ಮಾಡಬಹುದು; ಮಾಸ್ಟರ್ ಪೇಜಸ್ ಕಿಟಕಿಯಲ್ಲೇ ಅದಕ್ಕೆ ಗುಂಡಿ ಇದೆ.